ಏಳು ಜಾಡಿ ಮರಳು

ಆ ಚಳಿಗಾಲ ಅಡುಗೆಮನೆಯ ಕಿಟಕಿಯಲ್ಲಿ
ಏಳು ಜಾಮಿನ ಜಾಡಿ. ಒಂದರಲ್ಲೂ ಜಾಮಿಲ್ಲ.
ಅರ್ಧ ಮರಳು, ಅರ್ಧ ನೀರು,
ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಟ್ಟೆ.
ಬೆಳಿಗ್ಗೆ ಯಾವುದರ ನೆತ್ತಿಯಲ್ಲಿ
ಜೇಡಿ ಕೆನೆಗಟ್ಟಿತ್ತೋ ಅದು ಹಿತ್ತಲಿಗೆ.
ಮಾರುವವನ ನಾಲಗೆ ಎಷ್ಟೇ ನುಣುಪಾಗಿರಲಿ,
ನೀರಿನ ಮುಂದೆ ಮಣ್ಣು ಸುಳ್ಳಾಡುವುದಿಲ್ಲ.

ಟ್ರೆಗಾರನ್ನಿನ ಈ ಗುಡ್ಡದಡಿಯಲ್ಲಿ
ಮೂವತ್ತು ವರ್ಷ ಮಕ್ಕಳಿಗೆ ಸವಾರಿ ಕಲಿಸಿದ್ದೇನೆ:
ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಕಣ್ಣು ಮುಂದೆ.
ಕಾಲಡಿ ಏನಿದೆ ನೋಡು ಎಂದು
ಒಬ್ಬರಿಗೂ ಹೇಳಿದವಳಲ್ಲ.
ಅಗ್ಗವೆಂದು ಮರದ ಚಕ್ಕೆ ಹಾಸಿದ್ದೆ.
ಮೊದಲ ವರ್ಷ ಅಂಗಳಕ್ಕೆಲ್ಲ ಕಾಡಿನ ಪರಿಮಳ;
ನಾಲ್ಕನೆಯದಕ್ಕೆ ಕೊಳೆತು ಕಪ್ಪಾಗಿ
ಸೋಪಿನಂಥ ಲೋಳೆ.

ಮಾರ್ಚಿನ ಒಂದು ಮಂಗಳವಾರ
ಮೊಯಾರ್, ನಮ್ಮ ಕಪ್ಪು ಹೆಣ್ಣುಕುದುರೆ
(ಹೆಸರಿನ ಅರ್ಥವೇ ಬೇಲಿಯ ಕಪ್ಪುಹಣ್ಣು),
ತಿರುವಿನಲ್ಲಿ ಹಿಂಗಾಲು ತಪ್ಪಿದಳು.
ಬೆನ್ನ ಮೇಲಿದ್ದ ಪುಟ್ಟ ನೆಸ್ಟ್
ಬೇಲಿಯ ಹಲಗೆಗೆ ಬಡಿದು ಕೆಳಗೆ.
ಮಗುವಿನ ಮಣಿಕಟ್ಟು ಆರು ವಾರಕ್ಕೆ ಕೂಡಿತು.
ಕುದುರೆಯ ಕಾಲಿನ ನರ
ಆರು ತಿಂಗಳಾದರೂ ಕೈಗೆ ಬೆಚ್ಚಗೆ.
ಕುದುರೆ ಕಂಡರೆ ಕಾಲುನೋವೆಂಬ ಗಾದೆ
ಸೋಮಾರಿಗಳದ್ದೆಂದು ನಗುತ್ತಿದ್ದೆ.
ನೆಸ್ಟಳ ತಾಯಿ ಒಂದು ಮಾತೂ ಆಡಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮೇಜಿನ ತುಂಬ ನೆಲ.
ನದಿಯ ಮರಳು ನೋಡಲು ಚೆಲುವು,
ಉರುಳಿ ಉರುಳಿ ದುಂಡಾದ ಕಾಳು,
ಗೋಲಿಗಳಂತೆ ಒಂದಕ್ಕೊಂದು ಸಂಬಂಧವಿಲ್ಲ.
ಹಳೇ ಟೈರಿನ ಚೂರು ಪುಟಿಯುತ್ತದೆ, ನಿಜ;
ಒಳಗಿದ್ದ ತಂತಿಯ ಎಳೆಯೊಂದು
ನನ್ನ ಹೆಬ್ಬೆರಳಿಗೆ ಚುಚ್ಚಿ ಪರಿಚಯ ಹೇಳಿಕೊಂಡಿತು.
ಮೇಣ ಸವರಿದ್ದು ರಾಜಮಾರ್ಗ,
ಅದಕ್ಕೆ ಎರಡು ಕುದುರೆ ಮಾರಬೇಕು,
ಮತ್ತೆ ಅದರ ಮೇಲೆ ಓಡುವುದು ಯಾರು?

ಲಾಳ ಹೊಡೆಯುವ ಮುದುಕ ಇದ್ವಾಲ್
ಜಾಡಿಗಳತ್ತ ತಿರುಗಿಯೂ ನೋಡಲಿಲ್ಲ.
"ಮೇಲಿನದು ಆಮೇಲೆ. ಮೊದಲು ನೀರಿಗೆ ದಾರಿ ತೋರಿಸು.
ಅಡಿಯಲ್ಲಿ ಕೊಳವೆ, ಅದರ ಮೇಲೆ ಜಲ್ಲಿ,
ಕಲ್ಲು ಮೇಲೇಳದ ಹಾಗೆ ಜಲ್ಲಿಗೊಂದು ಹೊದಿಕೆ.
ಕಾಣುವ ನೆಲ ಕಾಣದ್ದರ ಮೇಲೆ ನಿಂತಿರುತ್ತದೆ, ಹುಡುಗಿ."
ನನಗೆ ಐವತ್ತೆಂಟು.
ನಲವತ್ತು ವರ್ಷ ಗೊರಸು ಎತ್ತಿ ನೋಡಿದವನಿಗೆ
ಸುತ್ತಲಿನ ಎಲ್ಲ ಅಂಗಳಗಳ ಜಾತಕ ಗೊತ್ತು:
ಗಟ್ಟಿ ನೆಲದವರ ಕುದುರೆಗೆ ಕೀಲು ಹೋಗುತ್ತದೆ,
ಆಳ ಮರಳಿನವರದಕ್ಕೆ ನರ.
ತೀರ ಮೆತ್ತಗಿರುವುದೂ ಕರುಣೆಯಲ್ಲ.

ಕೊನೆಗೆ ಉಳಿದದ್ದು ಆರನೆಯ ಜಾಡಿ.
ಕ್ವಾರಿಯಲ್ಲಿ ಒಡೆದದ್ದು, ಬೂದು ಬಣ್ಣ,
ಮೂಲೆ ಮುರಿಯದ ಜಗಳಗಂಟಿ ಕಾಳು,
ಒಂದರ ಮೊಣಕೈ ಇನ್ನೊಂದರ ಪಕ್ಕೆಗೆ,
ಅದಕ್ಕೇ ಬಿಟ್ಟು ಹೋಗುವುದಿಲ್ಲ.
ಚೂರು ಬಟ್ಟೆಯ ಎಳೆ ಬೆರೆಸಿ, ನೀರು ಚಿಮುಕಿಸಿ
ಮುಷ್ಟಿ ಕಟ್ಟಿ ಬಿಚ್ಚಿದೆ.
ಉಂಡೆ ನಿಂತಿತು.
ಬೆರಳು ತಾಗಿಸಿದೆ, ಬಿಟ್ಟುಕೊಟ್ಟಿತು.
ಇದೇ ಹದ. ಅಳತೆ ಕೇಳಬೇಡಿ,
ಅಂಗೈಯನ್ನು ಕೇಳಿ.

ಮರುವರ್ಷದ ಸೆಪ್ಟೆಂಬರಿನಲ್ಲಿ ಹಾಸಿ ಮುಗಿಯಿತು,
ಗೀರಿಲ್ಲದ ಹಾಳೆಯ ಹಾಗೆ.
ಜೀನಿಲ್ಲದೆ, ಸವಾರರಿಲ್ಲದೆ ಮೊಯಾರಳನ್ನು ಬಿಟ್ಟೆ.
ಮೂಸಿದಳು. ಒಮ್ಮೆ ಕೆರೆದಳು.
ನಾಲ್ಕು ಹೆಜ್ಜೆ ನಡೆದು, ಮೊಣಕಾಲು ಮಡಚಿ
ಅಷ್ಟು ಹಣದ ಮೇಲೆ ಅಂಗಾತ ಹೊರಳಾಡಿದಳು.
ಇದ್ವಾಲ್ ಕೆಮ್ಮು ಬರುವಷ್ಟು ನಕ್ಕ.

ನೆಸ್ಟ್ ಅಂದು ಮರಳಿ ಬಂದಿದ್ದಳು,
ಮರಳಿನ ಅಂಚಿನವರೆಗೆ.
ನಗಲಿಲ್ಲ. ಕುಕ್ಕುರುಗಾಲಲ್ಲಿ ಕೂತು
ಒಂದು ಗೊರಸಿನ ಗುರುತಿಗೆ ಕೈ ಇಳಿಸಿದಳು,
ಮುರಿದಿದ್ದ ಕೈಯನ್ನೇ.
ಅಂಚು ಕುಸಿಯಲಿಲ್ಲ.
ಹತ್ತುತ್ತೀಯಾ ಎಂದು ನಾನು ಕೇಳಲಿಲ್ಲ.

ಬೇಲಿಯಲ್ಲಿ ಹಣ್ಣು ಕಪ್ಪಾಗಿತ್ತು.
ಏಳೂ ಜಾಡಿ ತೊಳೆದೆ, ಕುದಿನೀರಿನಲ್ಲಿ, ಎರಡು ಸಲ.
ಆದರೂ ಈ ವರ್ಷದ ಜಾಮಿನಲ್ಲಿ
ಒಂದೊಂದು ಕಾಳು ಹಲ್ಲಿಗೆ ಸಿಗುತ್ತದೆ.